ಮೊಣಕಾಲಿನ ಹೊರಬದಿ ನೋವು, ಸರಿಯಾಗಿ ನಾಲ್ಕನೇ ಕಿಲೋಮೀಟರ್‌ಗೆ ಶುರುವಾಗುತ್ತದೆ

ಕೆರೆಏರಿ_ಓಟ:
ನಾನು ಮೈಸೂರಿನವಳು, ವಯಸ್ಸು 38. ಎರಡು ವರ್ಷದಿಂದ ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತಿದ್ದೇನೆ. ಬೆಂಗಳೂರಿನ 10ಕೆಗೆ, ಅಂದರೆ 10 ಕಿ.ಮೀ. ಓಟಕ್ಕೆ, ತಯಾರಾಗೋಣ ಅಂತ ವಾರಕ್ಕೆ ಎರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಡಾಂಬರು ರಸ್ತೆಯಲ್ಲಿ ಓಡುತ್ತಾ ಇಳಿಯುವುದನ್ನು ಶುರು ಮಾಡಿದೆ. ಮೂರನೇ ವಾರಕ್ಕೆ ಬಲ ಮೊಣಕಾಲಿನ ಹೊರಬದಿಯಲ್ಲಿ ಚುಚ್ಚಿದ ಹಾಗೆ ನೋವು. ಊತ ಇಲ್ಲ, ನಡೆದರೆ ಏನೂ ಆಗುವುದಿಲ್ಲ. ಮೂರು ವಾರ ಓಟ ಪೂರ್ತಿ ಬಿಟ್ಟೆ. ನಿನ್ನೆ ಮತ್ತೆ ಹೋದರೆ ನಾಲ್ಕನೇ ಕಿಲೋಮೀಟರ್‌ಗೆ ಅದೇ ಜಾಗದಲ್ಲಿ ಹಿಡಿದುಕೊಂಡಿತು, ಕುಂಟುತ್ತಾ ಮನೆಗೆ ಬಂದೆ. ಮನೆಯಲ್ಲಿ ಎಲ್ಲರೂ ಮೊಣಕಾಲು ಸವೆದುಹೋಗುತ್ತೆ, ಬಿಟ್ಟುಬಿಡು ಅಂತಾರೆ. ಬೆಳಗ್ಗೆ ಐದಕ್ಕೇ ಎಚ್ಚರವಾಗುತ್ತದೆ, ಬಾಗಿಲ ಹತ್ತಿರ ಶೂ ನೋಡಿದರೆ ಅಳು ಬರುತ್ತದೆ. ಇಷ್ಟು ದಿನ ಸುಮ್ನೆ ಕೂತರೂ ಯಾಕೆ ವಾಸಿಯಾಗಲಿಲ್ಲ?

ದಾವಣಗೆರೆ_ಬೆಳಗು:
ಅಕ್ಕಾ, ಕೆರೆ ಸುತ್ತ ಯಾವಾಗಲೂ ಒಂದೇ ದಿಕ್ಕಿಗೆ ಓಡ್ತೀರಾ? ನನಗೂ ಇದೇ ಆಗಿತ್ತು. ನಾನು ದಿನಾ ರಸ್ತೆಯ ಒಂದೇ ಅಂಚಿನಲ್ಲಿ ಓಡುತ್ತಿದ್ದೆ, ಅಂಚು ಇಳಿಜಾರು ಇರುತ್ತದಲ್ವಾ, ಒಂದು ಕಾಲು ಯಾವಾಗಲೂ ತಗ್ಗಿನಲ್ಲೇ ಬೀಳುತ್ತಿತ್ತು. ದಿಕ್ಕು ಬದಲಾಯಿಸಿ ನೋಡಿ.

ಫಿಸಿಯೋ_ಹುಬ್ಬಳ್ಳಿ:
ಕಾಲು ಮುಟ್ಟಿ ನೋಡದೆ ಖಚಿತವಾಗಿ ಹೇಳುವುದಿಲ್ಲ. ಆದರೆ ಹೊರಬದಿ ನೋವು, ಇಳಿಜಾರಿನಲ್ಲಿ ಶುರು, ಪ್ರತಿ ಸಲ ಹೆಚ್ಚುಕಮ್ಮಿ ಅಷ್ಟೇ ದೂರಕ್ಕೆ ಬರುವುದು, ಇದೆಲ್ಲ ಐಟಿ ಬ್ಯಾಂಡ್ ತೊಂದರೆಯ ಹಾಗೆ ಕಾಣುತ್ತದೆ. ಸೊಂಟದಿಂದ ತೊಡೆಯ ಹೊರಬದಿಯಲ್ಲಿ ಮೊಣಕಾಲಿನ ಕೆಳಗಿನವರೆಗೆ ಒಂದು ದಪ್ಪ ಪಟ್ಟಿ ಇದೆ, ಅದೇ ಐಟಿ ಬ್ಯಾಂಡ್. ಕಾಲು ಸುಮಾರು 30 ಡಿಗ್ರಿ ಮಡಚಿದಾಗ ಅದು ಮೊಣಕಾಲಿನ ಹೊರಗಿನ ಮೂಳೆಯನ್ನು ಒತ್ತುತ್ತದೆ. ಇಳಿಯುವಾಗ ಕಾಲು ಅದೇ ಮಡಿಕೆಯಲ್ಲಿ ಸಾವಿರಾರು ಸಲ ಭಾರ ಹೊರುತ್ತದೆ, ಅದಕ್ಕೇ ಕೆರಳುತ್ತದೆ.

ಕೂತರೆ ಕೆರಳಿದ್ದು ಶಾಂತವಾಗುತ್ತದೆ, ಆದರೆ ಸೊಂಟದ ಪಕ್ಕದ ಸ್ನಾಯು ಗಟ್ಟಿಯಾಗುವುದಿಲ್ಲ. ಅದಕ್ಕೇ ನಿಮಗೆ ಅದೇ ಜಾಗದಲ್ಲಿ ಮತ್ತೆ ಬಂತು. ಒಂದು ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತಿ ಇಳಿಸಿ, ಕಾಲು ಸ್ವಲ್ಪ ಹಿಂದಕ್ಕೇ ಇರಲಿ. ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ನೆಲಕ್ಕೆ ತಾಗಿಸಿ ಮೇಲೆ ಬನ್ನಿ, ಮೊಣಕಾಲು ಒಳಕ್ಕೆ ವಾಲಬಾರದು, ಕನ್ನಡಿ ಮುಂದೆ ಮಾಡಿದರೆ ಗೊತ್ತಾಗುತ್ತದೆ. ದಿನ ಬಿಟ್ಟು ದಿನ ಮಾಡಿ. ನೋಯುವ ಜಾಗವನ್ನೇ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಬೇಡಿ, ಇನ್ನೂ ಕೆರಳುತ್ತದೆ.

ಓಟಕ್ಕೆ ಮರಳುವಾಗ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಸಮತಟ್ಟಿನಲ್ಲಿ ಮಾತ್ರ. ಹೆಜ್ಜೆ ಚಿಕ್ಕದಾಗಿ, ಬೇಗ ಬೇಗ ಇಡಿ. ನೋವು ಹತ್ತರಲ್ಲಿ ಎರಡು ಮೀರಿದರೆ ಅವತ್ತಿಗೆ ಸಾಕು. ಮೊಣಕಾಲು ಊದಿದರೆ, ಸಿಕ್ಕಿಕೊಂಡರೆ ಅಥವಾ ಕುಸಿದ ಹಾಗಾದರೆ ಈ ವ್ಯಾಯಾಮ ಬಿಟ್ಟು ಮೂಳೆ ಡಾಕ್ಟರ್ ಹತ್ತಿರ ಹೋಗಿ. ಇನ್ನು ಸವೆತದ ಮಾತು: ಹವ್ಯಾಸಕ್ಕೆ ಓಡುವವರಿಗೆ ಓಡದವರಿಗಿಂತ ಸವೆತ ಜಾಸ್ತಿ ಏನಿಲ್ಲ. ಮನೆಯವರಿಗೆ ಇದನ್ನು ದಯವಿಟ್ಟು ಹೇಳಿ.

ದಾವಣಗೆರೆ_ಬೆಳಗು:
ಒಂದು ಮಾತು ಸೇರಿಸುತ್ತೇನೆ. ನನಗೆ ಪೂರ್ತಿ ಸರಿಯಾಗಲು ನಾಲ್ಕು ತಿಂಗಳು ಬೇಕಾಯಿತು. ಎರಡನೇ ತಿಂಗಳಲ್ಲಿ ನೋವು ಇಲ್ಲ ಅಂತ ಒಂದೇ ಸಲ 8 ಕಿ.ಮೀ. ಓಡಿ ಮತ್ತೆ ಮೊದಲಿಗೆ ಬಂದೆ. ಆ ದಿನಗಳಲ್ಲಿ ಗೆಳೆಯರು ಓಡುವ ಹೊತ್ತಿಗೇ ಸೈಕಲ್ ತೆಗೆದುಕೊಂಡು ಜೊತೆಗೆ ಹೋಗುತ್ತಿದ್ದೆ. ಬೆಳಗು ಕೈತಪ್ಪಲಿಲ್ಲ, ಅದೇ ದೊಡ್ಡದು.

ಕೆರೆಏರಿ_ಓಟ:
ಏಳು ವಾರ ಆಯಿತು, ಹೇಳಲೇಬೇಕು ಅನಿಸಿತು. ಹೌದು, ಒಂದೇ ದಿಕ್ಕಿಗೇ ಓಡುತ್ತಿದ್ದೆ! ಒಂಟಿ ಕಾಲಲ್ಲಿ ನಿಂತಾಗ ಬಲ ಮೊಣಕಾಲು ಒಳಕ್ಕೆ ವಾಲುವುದು ಕನ್ನಡಿಯಲ್ಲಿ ಸ್ಪಷ್ಟವಾಗಿ ಕಾಣಿಸಿತು, ಈಗ ಕಮ್ಮಿಯಾಗಿದೆ. ಇವತ್ತು ಓಟ ನಡಿಗೆ ಸೇರಿಸಿ 5 ಕಿ.ಮೀ. ಮುಗಿಸಿದೆ. ನಾಲ್ಕನೆಯದರಲ್ಲಿ ಉಸಿರು ಹಿಡಿದು ಕಾದೆ, ಸ್ವಲ್ಪ ಬಿಗಿತ ಅಷ್ಟೇ. ಈ ಸಲದ 10ಕೆ ಬಿಟ್ಟಿದ್ದೇನೆ, ಬೇಜಾರಿದೆ. ಬೆಟ್ಟದ ಮೆಟ್ಟಿಲು ಹತ್ತಬಹುದಾ ಸರ್?

ಫಿಸಿಯೋ_ಹುಬ್ಬಳ್ಳಿ:
ತುಂಬಾ ಖುಷಿಯಾಯಿತು. ನಿಧಾನವಾಗಿ ಹತ್ತಿ. ಇಳಿಯುವುದಕ್ಕೆ ಸದ್ಯ ಬಸ್ಸು.