ಸಹಾಯ ಬೇಕು: ಮಾತೇ ಆಡದ ಗೆಳೆಯನ ಬಗ್ಗೆ ಏನು ಬರೆಯಲಿ?

ಕಾರವಾರದಲ್ಲಿ ಪಾದ್ರಿಗಳು ನಡೆಸುವ ಹುಡುಗರ ಶಾಲೆ ನಮ್ಮದು. ಎಸ್ಸೆಸ್ಸೆಲ್ಸಿ ಬೀಳ್ಕೊಡುಗೆಗೆ ಪ್ರತಿ ಗೆಳೆಯನ ಬಗ್ಗೆ ನಾಲ್ಕು ಸಾಲು ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ.

ಬೈತಖೋಲದವನದ್ದು ಸುಲಭ. ದಿನಾ ತಡ, ಕಾರಣ ಯಾವಾಗಲೂ ದೋಣಿ. ಡಬ್ಬಿಯ ಬಂಗಡೆಯಲ್ಲಿ ಮಾತ್ರ ಎಲ್ಲರಿಗೂ ಪಾಲು. ಸದಾಶಿವಗಡದವನು 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದದ್ದನ್ನು ಕಣ್ಣಾರೆ ಕಂಡಂತೆ ಹೇಳುತ್ತಾನೆ. ಅದು ಬಿದ್ದದ್ದು ನಡುರಾತ್ರಿ, ಇವನು ಗೊರಕೆ ಹೊಡೆಯುತ್ತಿದ್ದ ಅಲ್ವಾ!

ಕಷ್ಟ ಕೊನೆ ಬೆಂಚಿನವನದ್ದು. ಮಾತೇ ಇಲ್ಲ. ಆದರೆ ನನಗೆ ಜ್ವರ ಬಂದಾಗ ವಾರದ ನೋಟ್ಸ್ ಪೂರ್ತಿ ಬರೆದು, ಹೇಳದೆ ಬ್ಯಾಗಿನಲ್ಲಿ ಇಟ್ಟಿದ್ದ. ಸುಮ್ನೆ 'ಒಳ್ಳೆಯವನು' ಅಂದರೆ ಸಾಕಾಗಲ್ಲ. ನೋಟ್ಸ್ ವಿಷಯ ಬರೆದರೆ ಅವನಿಗೆ ಮುಜುಗರ ಆಗಬಹುದಾ? ಕೊಂಕಣಿ ಅಡ್ಡಹೆಸರು ಹಾಗೇ ಹಾಕಬಹುದಾ? ಶುಕ್ರವಾರ ಫಾದರ್‌ಗೆ ತೋರಿಸಬೇಕು.