ಸಹಾಯ ಬೇಕು: ಬೀದಿಯ ಹೆಸರು ಬದಲಾಗಿದೆ, ದಾಖಲೆ ಎಲ್ಲಿ ಕೇಳಬೇಕು?

ಎಲ್ಲರಿಗೂ ನಮಸ್ಕಾರ. ನಮ್ಮದು ಪುರಸಭೆಯ ಊರು. ಅಜ್ಜನ ಕಾಲದಿಂದ ಸಿಹಿನೀರು ಬಾವಿ ಬೀದಿ ಎನ್ನುತ್ತಿದ್ದ ನಮ್ಮ ಓಣಿಯಲ್ಲಿ ಕಳೆದ ತಿಂಗಳು ಬೆಳಗಾಗುವಷ್ಟರಲ್ಲಿ ಬೇರೆ ಹೆಸರಿನ ಫಲಕ ನಿಂತಿತ್ತು. ಯಾರನ್ನೂ ಕೇಳಿರಲಿಲ್ಲ. ಹೊಸ ಹೆಸರಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಖಾತೆ, ಪಡಿತರ ಚೀಟಿ, ಆಧಾರ್ ಎಲ್ಲದರಲ್ಲೂ ಬಾವಿಯೇ ಇದೆ (ಬಾವಿ ಬತ್ತಿ ಇಪ್ಪತ್ತು ವರ್ಷವಾಯಿತು, ಅದು ಬೇರೆ ಮಾತು). ಹೊಸದಾಗಿ ಬಂದ ಅಂಚೆಯಣ್ಣ ಅಮ್ಮನ ಪಿಂಚಣಿಯ ಮನಿಯಾರ್ಡರನ್ನು ವಿಳಾಸ ಸಿಗದೆ ಹಿಂದಕ್ಕೆ ಒಯ್ದರು.

2024ರ ಕೊನೆಯಲ್ಲಿ ಮೈಸೂರಿನ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ ಹೆಸರಿಡುವ ಪ್ರಸ್ತಾವ ಬಂದಾಗ ಪಾಲಿಕೆ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆದಿತ್ತು. ನಮ್ಮಲ್ಲಿ ಅಂಥ ಪ್ರಕಟಣೆ ಯಾರ ಕಣ್ಣಿಗೂ ಬಿದ್ದಿಲ್ಲ.

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಸಭೆಯ ನಡಾವಳಿಯ ದೃಢೀಕೃತ ನಕಲು ಕೇಳಬೇಕೆಂದಿದ್ದೇನೆ. 30 ದಿನದೊಳಗೆ ಉತ್ತರ ಬರಬೇಕು. ಹೀಗೆ ಅರ್ಜಿ ಹಾಕಿದವರು ಇಲ್ಲಿ ಯಾರಾದರೂ ಇದ್ದೀರಾ? ನಡಾವಳಿಯ ಜೊತೆಗೆ ಇನ್ನೇನು ಕೇಳಬೇಕು? ಹೊಸ ಹೆಸರೇ ಉಳಿಯುವುದಾದರೆ, ಹಳೆಯದನ್ನೂ ಫಲಕದ ಕೆಳಗೆ ಸಣ್ಣಗೆ ಬರೆಸಿಕೊಂಡವರಿದ್ದರೆ ಮನವಿಯ ಮಾದರಿ ಕಳುಹಿಸಿ. ಅಲ್ಲಿಯವರೆಗೆ ಅಂಚೆ ಕಚೇರಿಗೆ ಏನೆಂದು ಬರೆದುಕೊಡಲಿ?