ಅಪ್‌ಡೇಟ್: ಡಯಾಬ್ಲೊ 4ರಲ್ಲಿ ಬ್ಯಾಗೂ ಹಗುರ, ಚಿನ್ನವೂ ಉಳೀತು

ರಾಕ್ಷಸರನ್ನ ಕೊಂದು ಆಯುಧ, ಕವಚ ಕೂಡಿಸೋ ವಿಡಿಯೋ ಗೇಮ್ ಡಯಾಬ್ಲೊ 4ರಲ್ಲಿ ಬ್ಯಾಗ್ ಸದಾ ಭರ್ತಿ, ಚಿನ್ನ ಮಾತ್ರ ಕೈಯಲ್ಲಿ ನಿಲ್ತಿಲ್ಲ, ಹೊಸಬ ಏನು ಮಾಡ್ಲಿ ಅಂತ ಕೇಳಿದ್ದೆನಲ್ಲ, ಅದು ಬಗೆಹರಿಯಿತು.

ಕೆಲಸಕ್ಕೆ ಬಂದದ್ದು ವಿರಾಜಪೇಟೆಯ ಗೆಳೆಯರು ಕೊಟ್ಟ ಸಲಹೆ: ಲೆಜೆಂಡರಿಗಳನ್ನ (ವಿಶೇಷ ಶಕ್ತಿ ಇರೋ ವಸ್ತುಗಳನ್ನ) ಕೂಡಿಡಬೇಡ, ಕಮ್ಮಾರನ ಹತ್ರ ಒಡೆಸು. 2024ರ ನಾಲ್ಕನೇ ಸೀಸನ್‌ನಿಂದ ಹೀಗೆ ಒಡೆಸಿದ್ರೆ ಅದರ ಆಸ್ಪೆಕ್ಟ್, ಅಂದ್ರೆ ಆ ವಿಶೇಷ ಶಕ್ತಿ, ಕೋಡೆಕ್ಸ್ ಅನ್ನೋ ಶಕ್ತಿಗಳ ಪಟ್ಟಿಯಲ್ಲಿ ಉಳಿದುಬಿಡುತ್ತೆ. ಮುಂದೆ ಇನ್ನೂ ಒಳ್ಳೆ ಅಂಕಿಯದ್ದು ಸಿಕ್ಕಿ ಒಡೆಸಿದ್ರೆ ಪಟ್ಟಿಯಲ್ಲಿರೋ ಅಂಕಿಯೂ ಮೇಲೇರುತ್ತೆ. ನಿನ್ನೆ ಒಂದು ಕೈಗವಸು ಒಡೆಸಿ, ಅದರ ಶಕ್ತಿಯನ್ನ ಆಕಲ್ಟಿಸ್ಟ್ (ಆಟದೊಳಗಿನ ಮಾಂತ್ರಿಕ) ಬಳಿ ನನ್ನ ಹಳದಿ, ಅಂದ್ರೆ ಲೆಜೆಂಡರಿಗಿಂತ ಕೆಳದರ್ಜೆಯ, ಉಂಗುರಕ್ಕೆ ಹಾಕಿಸಿದೆ. ಉಂಗುರವೇ ಲೆಜೆಂಡರಿ ಆಯ್ತು! ಎಷ್ಟು ಖುಷಿ ಅಂದ್ರೆ, ರಾತ್ರಿಯೇ ಅವರಿಗೆ ಫೋನ್ ಮಾಡಿ ಹೇಳ್ದೆ.

ಎಲ್ಲಾ ಮಾರಿಬಿಡು ಅನ್ನೋ ಸಲಹೆ ನಡೀಲಿಲ್ಲ. ಚಿನ್ನ ಬಂತು, ಆದ್ರೆ ಒಡೆಸಿದ್ರೆ ಸಿಗೋ ಸಾಮಗ್ರಿ ಇಲ್ಲದೆ ಅಪ್‌ಗ್ರೇಡ್ ನಿಂತೇಹೋಯ್ತು.

ನನಗೆ ಆಶ್ಚರ್ಯ ತಂದದ್ದು ಎನ್‌ಚಾಂಟ್, ಅಂದ್ರೆ ಚಿನ್ನ ಕೊಟ್ಟು ವಸ್ತುವಿನ ಒಂದು ಗುಣ ಬದಲಿಸೋದು. ಒಂದೇ ವಸ್ತುವಿನ ಗುಣ ಮತ್ತೆ ಮತ್ತೆ ಬದಲಿಸಿದ್ರೆ ದರ ಏರ್ತಾ ಹೋಗುತ್ತೆ, ಚಿನ್ನ ಸೋರ್ತಿದ್ದದ್ದು ಅಲ್ಲೇ. ಶುರುವಿನ ಲೆವೆಲ್‌ಗಳಲ್ಲಿ ಅದರ ತಂಟೆಗೇ ಹೋಗ್ಬೇಡಿ, ಗೇರ್ ಹೇಗೂ ಬದಲಾಗ್ತಾನೇ ಇರುತ್ತೆ.

ಇನ್ನೊಂದು, ಇದು ಸದಾ ಆನ್‌ಲೈನ್ ಇರಬೇಕಾದ ಆಟ. ಮಡಿಕೇರಿ ಮಳೇಲಿ ಕರೆಂಟ್ ನಂಬೋ ಹಾಗಿಲ್ಲ, ಅದಕ್ಕೇ ಬ್ಯಾಗ್ ತುಂಬಿದ ಕೂಡಲೇ ಟಿ ಕೀ ಒತ್ತಿ, ಪೋರ್ಟಲ್ ತೆಗೆದು ಆಟದೊಳಗಿನ ಊರಿಗೆ ಹೋಗಿಬಿಡ್ತೀನಿ.